ಮಗುಚಿ ನೋಡಿ, ಆಮೇಲೆ ಕೊಳ್ಳಿ

ಮೈದಾನದಲ್ಲಿ ಖುರ್ಜಾ ಪಿಂಗಾಣಿ ಮೇಳ ಬಂದಿದೆ ಅಂತ ಕಿವಿಗೆ ಬಿದ್ದರೆ ಸಾಕು, ಆ ವಾರ ನನಗೆ ಬೇರೆ ಕೆಲಸ ರುಚಿಸುವುದಿಲ್ಲ. ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಆ ಪಟ್ಟಣದಿಂದ ಲಾರಿಯಲ್ಲಿ ಮಾಲು ಬಂದು ಇಳಿದಿರುತ್ತದೆ. ಶಾಮಿಯಾನದ ಕೆಳಗೆ ಒಣಹುಲ್ಲು ಹಾಸಿ ತಟ್ಟೆ, ಬಟ್ಟಲು, ಹೂದಾನಿ, ಚಹಾ ಕಪ್ಪು, ಉಪ್ಪಿನಕಾಯಿ ಜಾಡಿ, ಊದುಬತ್ತಿ ಸ್ಟ್ಯಾಂಡು ಎಲ್ಲವನ್ನೂ ರಾಶಿ ಹಾಕಿರುತ್ತಾರೆ. ದೊಡ್ಡ ಅಂಗಡಿಗಳ ಗಾಜಿನ ಕಪಾಟಿನ ಮೇಲೆ ‘ಮುಟ್ಟಬೇಡಿ’ ಎಂಬ ಚೀಟಿ ಅಂಟಿರುತ್ತದೆ. ಇಲ್ಲಿ ಮುಟ್ಟದೆ ಕೊಳ್ಳುವುದಕ್ಕೇ ಆಗುವುದಿಲ್ಲ. ಪಿಂಗಾಣಿ ಕೊಳ್ಳಲು ಇದಕ್ಕಿಂತ ಸರಿಯಾದ ಜಾಗ ನನಗೆ ಗೊತ್ತಿಲ್ಲ.

ಹೋದ ಭಾನುವಾರ ನಾದಿನಿಯ ಮಗಳು ಜೊತೆಗಿದ್ದಳು. ಅವಳ ಮನೆಯ ಗೃಹಪ್ರವೇಶವಾಗಿ ಎರಡು ತಿಂಗಳು. ಹಾಲ್‌ನಲ್ಲಿ ಟಿವಿ ಪಕ್ಕದ ಮೂಲೆ ಬಿಕೋ ಅನ್ನುತ್ತದೆ, ಅಲ್ಲಿಗೊಂದು ಹೂದಾನಿ ಬೇಕು ಅಂತ ಬಂದಿದ್ದಳು. ಒಳಗೆ ಕಾಲಿಟ್ಟವಳೇ ಚಿನ್ನದಂಚಿನ, ಗುಲಾಬಿ ಚಿತ್ರದ ಎತ್ತರದ ಹೂದಾನಿಯೊಂದನ್ನು ಎತ್ತಿಕೊಂಡು, “ಅತ್ತೆ, ಇದು ಹೇಗಿದೆ?” ಅಂದಳು. ನಾನು ಈಸಿಕೊಂಡು ಮಗುಚಿ ಹಿಡಿದೆ. “ಅಯ್ಯೋ ಅತ್ತೆ, ಚಿತ್ರ ಈ ಕಡೆ ಇದೆ” ಅಂದಳು. ಅಂಗಡಿಯವನು ನೋಡುತ್ತಲೇ ಇದ್ದ. ಎಷ್ಟೋ ವರ್ಷ ನಮ್ಮ ಕಡೆಯ ಮೈದಾನಗಳನ್ನು ಸುತ್ತಿ ಕನ್ನಡ ಕಲಿತವನು. “ನೋಡ್ಲಿ ಬಿಡಿ, ಮೇಡಂಗೆ ಗೊತ್ತೈತೆ” ಅಂದ. ಒಳ್ಳೆಯ ವ್ಯಾಪಾರಿ, ಮಗುಚಿ ನೋಡುವ ಗಿರಾಕಿಯನ್ನು ಕಂಡು ಮುಖ ಗಂಟಿಕ್ಕುವುದಿಲ್ಲ.

ತಳವನ್ನೇ ಯಾಕೆ ನೋಡಬೇಕು? ಪಿಂಗಾಣಿಯ ಮೈಮೇಲಿನ ಹೊಳಪು ಅಸಲಿಗೆ ಗಾಜು. ಭಟ್ಟಿಯ ಉರಿಯಲ್ಲಿ ಅದು ಕರಗಿ ಪಾಕದ ಹಾಗಾಗುತ್ತದೆ. ತಳಕ್ಕೂ ಅದನ್ನೇ ಬಳಿದರೆ ಪಾತ್ರೆ ಭಟ್ಟಿಯ ಹಲಗೆಗೆ ಅಂಟಿಕೊಂಡು ಮತ್ತೆ ಬಿಡುವುದಿಲ್ಲ. ಅದಕ್ಕೇ ಕುಂಬಾರ ತಳದ ಬಳೆಯಂಥ ಅಂಚನ್ನು ಒರೆಸಿ ಬರಿದು ಬಿಡುತ್ತಾನೆ. ಇಡೀ ಪಾತ್ರೆಯಲ್ಲಿ ಮಣ್ಣು ತನ್ನ ನಿಜ ಬಣ್ಣ ತೋರಿಸುವುದು ಅಲ್ಲಿ ಮಾತ್ರ. ಆ ಅಂಚು ಇಟ್ಟಿಗೆಯಂತೆ ಕೆಂಪಗಿದ್ದರೆ ಕಡಿಮೆ ಉರಿಯಲ್ಲಿ ಬೆಂದ ಮಣ್ಣು, ಬೂದು ಅಥವಾ ಕೆನೆ ಬಣ್ಣವಿದ್ದು ಕಲ್ಲಿನಂತೆ ಬಿಗಿಯಾಗಿದ್ದರೆ ಸಾಮಾನ್ಯವಾಗಿ ಸ್ಟೋನ್‌ವೇರ್, ಹಾಲಿನಂತೆ ಬೆಳ್ಳಗೆ ನುಣ್ಣಗಿದ್ದರೆ ಪೋರ್ಸಲೈನ್ ಅಥವಾ ಅದರ ಬಳಗ. ಅನುಮಾನವಿದ್ದರೆ ಬೆರಳನ್ನು ಒದ್ದೆ ಮಾಡಿ ಆ ಅಂಚಿಗೆ ಒತ್ತಿ. ಒದ್ದೆ ಕ್ಷಣದಲ್ಲಿ ಇಂಗಿ ಮಾಯವಾದರೆ ಮಣ್ಣಿಗೆ ಇನ್ನೂ ಬಾಯಾರಿಕೆ ಇದೆ ಅಂತ ಅರ್ಥ. ಹೊಳಪು ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಬಿರಿದರೂ ಅಂಥ ಪಾತ್ರೆ ನೀರು ಕುಡಿಯುತ್ತದೆ. ಹನಿ ಹನಿಯಾಗಿಯೇ ನಿಂತರೆ ಧೈರ್ಯವಾಗಿ ಚೌಕಾಸಿ ಶುರು ಮಾಡಿ.

ಇದೆಲ್ಲ ಉರಿಯ ಲೆಕ್ಕ. ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ಕುಂಬಾರರ ಮನೆಗಳ ಮುಂದೆ ಸಾಲಾಗಿ ಒಣಗುವ ಹಣತೆ, ಮಡಕೆಗಳು ಸಾವಿರ ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೋ ಅದಕ್ಕೂ ಕಡಿಮೆಯಲ್ಲೋ ಬೇಯುತ್ತವೆ. ಆ ಮಣ್ಣಿನಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ, ಆ ರಂಧ್ರಗಳಿಂದಲೇ ಹೂಜಿಯ ನೀರು ತಣ್ಣಗಾಗುವುದು. ಅದು ದೋಷವಲ್ಲ, ಗುಣ. ಸ್ಟೋನ್‌ವೇರ್‌ಗೆ 1200 ಡಿಗ್ರಿ ದಾಟಬೇಕು. ಆಗ ಮಣ್ಣೊಳಗಿನ ಕಣಗಳೇ ಅರ್ಧ ಕರಗಿ ಒಂದಕ್ಕೊಂದು ಬೆಸೆದುಕೊಂಡು ರಂಧ್ರಗಳು ಮುಚ್ಚುತ್ತವೆ. ಪೋರ್ಸಲೈನ್‌ಗೆ ಇನ್ನೂ ಹೆಚ್ಚಿನ ಉರಿ, ಜೊತೆಗೆ ಕೇಯೊಲಿನ್ ಎಂಬ ಬಿಳಿ ಜೇಡಿ ಬೇಕು. ಚೀನಾದ ಜಿಂಗ್‌ಡೆಜೆನ್ ಬಳಿಯ ಗಾವೊಲಿಂಗ್ ಎಂಬ ಜಾಗದ ಹೆಸರೇ ಆ ಮಣ್ಣಿಗೆ ಉಳಿದಿದೆ. ಈ ಗುಟ್ಟು ಯುರೋಪಿಗೆ ಸಿಕ್ಕಿ ಜರ್ಮನಿಯ ಮೈಸೆನ್‌ನಲ್ಲಿ ಕಾರ್ಖಾನೆ ಶುರುವಾಗಿದ್ದು 1710ರಲ್ಲಿ. ಅದಕ್ಕೆ ಬಹಳ ಮೊದಲೇ ಚೀನಾದ ಪಿಂಗಾಣಿ ವಿಜಯನಗರದ ಮನೆಗಳಲ್ಲಿತ್ತು. ಹಂಪಿಯ ಉತ್ಖನನದಲ್ಲಿ ಅದರ ಚೂರುಗಳು ಸಿಕ್ಕಿವೆ, ಅದರಿಂದಲೇ ಅವು ಸಿಕ್ಕ ಕೇರಿಯಲ್ಲಿ ಶ್ರೀಮಂತ ವ್ಯಾಪಾರಿಗಳು ಇದ್ದಿರಬೇಕೆಂದು ಪುರಾತತ್ವದವರು ಊಹಿಸುತ್ತಾರೆ.

ಮತ್ತೆ ಆ ಗುಲಾಬಿ ಹೂದಾನಿಗೆ ಬರುತ್ತೇನೆ. ತಳ ಪರವಾಗಿಲ್ಲ, ಬೆಳ್ಳಗಿತ್ತು. ಅದರ ಪಕ್ಕಕ್ಕೆ ಅಂಥದೇ ಇನ್ನೆರಡು ಹೂದಾನಿ ತಂದು ನಿಲ್ಲಿಸಿ, “ಈಗ ನೋಡು” ಅಂದೆ. ಮೂರರಲ್ಲೂ ಅದೇ ಗುಲಾಬಿ, ಅದೇ ಎಸಳು ಅದೇ ಜಾಗದಲ್ಲಿ ಮಡಚಿಕೊಂಡಿತ್ತು. ಅಚ್ಚು ಹಾಕಿದ ಚಿತ್ರವನ್ನು ಒದ್ದೆ ಮಾಡಿ ಮೈಗೆ ಅಂಟಿಸಿ ಸುಟ್ಟದ್ದು ಅದು. ಅದೇನು ಮೋಸವಲ್ಲ, ದಿನದ ಚಹಾ ಕಪ್ಪಿಗೆ ನಾನೂ ಅಂಥದ್ದನ್ನೇ ಕೊಳ್ಳುತ್ತೇನೆ. ಆದರೆ ಅದಕ್ಕೆ ಕೈಚಿತ್ರದ ಬೆಲೆ ಕೊಡಬಾರದು. ಕೈಯಲ್ಲಿ ಬರೆದ ಗೆರೆ ಕುಂಚ ಇಳಿದ ಕಡೆ ದಪ್ಪವಾಗಿ, ಎದ್ದ ಕಡೆ ತೆಳ್ಳಗಾಗುತ್ತದೆ. ಎರಡು ಗೆರೆ ಒಂದರ ಮೇಲೊಂದು ಹಾದ ಕಡೆ ಬಣ್ಣ ಗಾಢವಾಗುತ್ತದೆ. ಚಿನ್ನದ ಅಂಚಿನ ವಿಷಯ ಬೇರೆ. ಹೊಳಪಾದ ಮೇಲೆ ಬಳಿದು ಕಡಿಮೆ ಉರಿಯಲ್ಲಿ ಇನ್ನೊಮ್ಮೆ ಸುಟ್ಟ ಚಿನ್ನ ಅದು. ಸ್ಕ್ರಬ್ಬರ್ ಹಾಕಿ ತಿಕ್ಕಿದರೆ ಹಬ್ಬದಿಂದ ಹಬ್ಬಕ್ಕೆ ಸವೆಯುತ್ತದೆ, ಮೈಕ್ರೋವೇವ್‌ಗಂತೂ ಇಡಲೇಬಾರದು.

ನೀಲಿ ಬಣ್ಣದ ಬಗ್ಗೆ ನನಗೆ ಮೊದಲಿನಿಂದಲೂ ಮೋಹ. ಆ ನೀಲಿ ಬರುವುದು ಕೋಬಾಲ್ಟ್‌ನಿಂದ. ಕೋಬಾಲ್ಟ್ ಆಕ್ಸೈಡಿನ ಪುಡಿ ಕಪ್ಪು. ಕುಂಚದಲ್ಲಿ ಅದ್ದಿ ಬರೆಯುವಾಗ ಮಸಿಯಂತೆ ಕಾಣುತ್ತದೆ. ಉರಿಯಲ್ಲಿ ಗಾಜಿನ ಜೊತೆ ಸೇರಿದ ಮೇಲೆಯೇ ಆ ಆಳವಾದ ನೀಲಿ. ಬರೆಯುವವನು ತನ್ನ ಬಣ್ಣವನ್ನು ಮನಸ್ಸಿನಲ್ಲೇ ಕಂಡು ಬರೆಯಬೇಕು. ಈ ಮೋಹದಿಂದಲೇ ನನಗೊಂದು ಪಾಠವೂ ಆಯಿತು. ವರ್ಷಗಳ ಹಿಂದೆ ಜೈಪುರದಲ್ಲಿ ಅಲ್ಲಿನ ನೀಲಿ ಪಿಂಗಾಣಿಯ ಹೂದಾನಿ ಕೊಂಡೆ. “ನೀರು ಹಾಕಬಹುದಾ?” ಅಂತ ಕೇಳಿಯೇ ಕೊಂಡಿದ್ದೆ. ಅಂಗಡಿಯವನು ತಲೆಯಾಡಿಸಿದ. ಊರಿಗೆ ತಂದು ಸೇವಂತಿಗೆ ಇಟ್ಟೆ. ಮೂರನೇ ದಿನ ಮೇಜಿನ ಮರದ ಮೇಲೆ ಉಂಗುರದಂಥ ಕಲೆ, ವಾರ ಕಳೆಯುವಷ್ಟರಲ್ಲಿ ಹೂದಾನಿಯ ಬುಡದಿಂದ ಹಪ್ಪಳದಂಥ ಚಕ್ಕೆ ಎದ್ದಿತ್ತು. ಅತ್ತುಬಿಟ್ಟಿದ್ದೆ.

ತಪ್ಪು ಆ ಕರಕುಶಲ ಕಲೆಯದ್ದಲ್ಲ. ಜೈಪುರದ ನೀಲಿ ಪಿಂಗಾಣಿಯಲ್ಲಿ ಕುಂಬಾರರ ಮಾಮೂಲಿ ಜೇಡಿಮಣ್ಣೇ ಇಲ್ಲ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ, ಅಂಟು, ಬೋರಾಕ್ಸ್ ಕಲಸಿದ ಹಿಟ್ಟು ಅದು. ಚಪಾತಿಯಂತೆ ತಟ್ಟಿ ಅಚ್ಚಿಗೆ ಹಾಕುತ್ತಾರೆ. ಸಾಮಾನ್ಯವಾಗಿ ಒಂದೇ ಸಲ, 800 ಡಿಗ್ರಿಯ ಆಸುಪಾಸಿನಲ್ಲಿ ಸುಡುತ್ತಾರೆ. ಅದಕ್ಕೇ ಆ ಬಿಳುಪು, ಅದಕ್ಕೇ ಆ ನೀಲಿಗೆ ಅಷ್ಟು ತಂಪು, ಅದಕ್ಕೇ ಅಷ್ಟು ನಾಜೂಕು. ಕಳೆದ ಶತಮಾನದ ನಡುವೆ ಅಳಿದೇಹೋಗುವಂತಿದ್ದ ಈ ಕಲೆಗೆ ಮರುಜೀವ ಕೊಟ್ಟವರಲ್ಲಿ ಮುಖ್ಯರು ಕೃಪಾಲ್ ಸಿಂಗ್ ಶೇಖಾವತ್. ಶಾಂತಿನಿಕೇತನದಲ್ಲಿ ಕಲಿತ ಚಿತ್ರಕಾರ, 1974ರಲ್ಲಿ ಪದ್ಮಶ್ರೀ ಪಡೆದವರು. ಜೈಪುರದ ನೀಲಿಯನ್ನು ಈಗಲೂ ಕೊಳ್ಳುತ್ತೇನೆ. ಬಾಗಿಲ ಹಿಡಿ, ಡ್ರಾಯರ್ ಗುಬುಟು, ಗೋಡೆಗೆ ಒಂದು ಬಿಲ್ಲೆ, ಒಣಹೂವಿಗೊಂದು ಹೂಜಿ ಎಲ್ಲ ತಂದಿದ್ದೇನೆ. ನೀರು ತುಂಬಲು ಮಾತ್ರ ಅಲ್ಲ.

ನೀರು, ಉಪ್ಪು, ಹುಳಿ ಯಾವುದಕ್ಕೂ ಬಗ್ಗದ ಪಾತ್ರೆ ನಮ್ಮ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲೇ ಇತ್ತು. ಮೇಲೆ ಕಂದು, ಕೆಳಗೆ ಕೆನೆ ಬಣ್ಣದ ಉಪ್ಪಿನಕಾಯಿ ಜಾಡಿ, ಕೆಲವು ಕಡೆ ಭರಣಿ ಅನ್ನುತ್ತಾರೆ. ಅದು ಅಪ್ಪಟ ಸ್ಟೋನ್‌ವೇರ್. ಹಳೆಯ ಕೆಲವು ಜಾಡಿಗಳ ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿರುತ್ತದೆ. ಅದು ಉಪ್ಪಿನ ಹೊಳಪು. ಭಟ್ಟಿ ನಿಗಿನಿಗಿ ಕಾದಾಗ ಒಳಗೆ ಉಪ್ಪು ಎರಚುತ್ತಾರೆ, ಉಪ್ಪಿನಲ್ಲಿನ ಸೋಡಿಯಂ ಆವಿಯಾಗಿ ಮಣ್ಣಿನ ಮರಳಂಶದ ಜೊತೆ ಕೂಡಿ ಅಲ್ಲೇ ಗಾಜಾಗುತ್ತದೆ. ಉಪ್ಪಿನಿಂದ ಹೊಳಪು ಪಡೆದ ಜಾಡಿ ಆಮೇಲೆ ಜನ್ಮವಿಡೀ ಉಪ್ಪನ್ನೇ ಕಾಯುತ್ತದೆ. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ತನಗೆ ಸಿಕ್ಕ ಉಡುಗೊರೆಗಳ ಪಟ್ಟಿಯಲ್ಲಿ ‘ಮರ್ತಬಾನ್’ ಎಂಬ ದೊಡ್ಡ ಜಾಡಿಗಳನ್ನು ಹೆಸರಿಸುತ್ತಾನೆ. ಅವುಗಳಲ್ಲಿ ಇದ್ದದ್ದು ಉಪ್ಪಿಗೆ ಹಾಕಿದ ಮೆಣಸು, ನಿಂಬೆ ಜಾತಿಯ ಹಣ್ಣು, ಮಾವು. ಬರ್ಮಾದ ಮರ್ತಬಾನ್ ಬಂದರಿನಿಂದ ಬಂದ ಹೆಸರು ಅದು, ಹಿಂದಿಯವರು ಇವತ್ತಿಗೂ ಜಾಡಿಗೆ ಮರ್ತಬಾನ್ ಅನ್ನುತ್ತಾರೆ. ಇದೇ ಬಳಗದ ಇನ್ನೊಂದು ವಸ್ತು ನಮ್ಮ ಬೀದಿಯ ಕರೆಂಟು ಕಂಬದ ಮೇಲಿದೆ, ಆ ಕಂದು ಪಿಂಗಾಣಿಯ ಇನ್ಸುಲೇಟರ್. ಬೆಂಗಳೂರಿನ ಮಲ್ಲೇಶ್ವರದ ಬದಿಯಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಶುರುವಾದ ಪಿಂಗಾಣಿ ಕಾರ್ಖಾನೆ ಅವನ್ನೇ ಮಾಡುತ್ತಿತ್ತು. ಮಳೆ ಬಿಸಿಲಿನಲ್ಲಿ ದಶಕಗಟ್ಟಲೆ ನಿಂತರೂ ಅದರ ಹೊಳಪು ಮಾಸುವುದಿಲ್ಲ.

ಕೈಯಿಂದ ತಿರುಗಿಸಿ ಮಾಡಿದ ಸ್ಟೋನ್‌ವೇರ್ ಬೇಕು ಅನ್ನುವವರು ಪಾಂಡಿಚೇರಿಯ ಕಡೆ ನೋಡಬೇಕು. ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಅಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಶುರು ಮಾಡಿದರು. ಇವತ್ತು ದೇಶದಲ್ಲಿ ಹೆಸರಾದ ಎಷ್ಟೋ ಕುಂಬಾರ ಕಲಾವಿದರು ಅಲ್ಲೇ ಕೈ ಪಳಗಿಸಿಕೊಂಡವರು. ಅಂಥವರ ಬಟ್ಟಲಿನ ಒಳಗೆ ಬೆರಳಾಡಿಸಿದರೆ ತಿಗರಿಯ ಮೇಲೆ ಕೈ ಏರಿದ ಸುರುಳಿ ಗೆರೆ ತಾಕುತ್ತದೆ. ಬೆಲೆ ಹೆಚ್ಚು, ನಿಜ. ಆರು ಬಟ್ಟಲಿನ ಸೆಟ್ಟು ಬಿಟ್ಟು ಒಂದೇ ಒಂದು ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಷೋಕೇಸ್ ತುಂಬ ಪಿಂಗಾಣಿ ಜೋಡಿಸಿದ ಮನೆಯಲ್ಲಿ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ. ಖಾಲಿ ಗೋಡೆಯ ಮುಂದಿಟ್ಟ ಒಂದು ಬಟ್ಟಲನ್ನು ಬಂದವರೆಲ್ಲ ಎತ್ತಿ ನೋಡುತ್ತಾರೆ.

ಊಟಕ್ಕೆ ಬಳಸುವುದಾದರೆ ಇನ್ನೊಂದು ಎಚ್ಚರ ಬೇಕು. ಕಡಿಮೆ ಉರಿಯ, ಕಣ್ಣು ಕುಕ್ಕುವ ಕೆಂಪು, ಕಿತ್ತಳೆ, ಹಳದಿ ಹೊಳಪುಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವ ಸಾಧ್ಯತೆ ಇದೆ. ಮೊಸರು, ಹುಣಸೆ, ನಿಂಬೆಯ ಹುಳಿ ಅದನ್ನು ಎಳೆದುಕೊಳ್ಳುತ್ತದೆ. ಊಟಕ್ಕೆ ಆಗುತ್ತದೆ ಅಂತ ಮಾಡಿದವರೇ ಖಚಿತವಾಗಿ ಹೇಳದಿದ್ದರೆ ಅಂಥ ಬಟ್ಟಲಲ್ಲಿ ಕೀಲಿಕೈ ಇಡಿ, ಗೋಡಂಬಿಯೂ ಬೇಡ.

ಕೊನೆಗೆ ನಾದಿನಿಯ ಮಗಳ ಕಣ್ಣು ಬಿದ್ದದ್ದು ರಾಶಿಯ ಅಡಿಯಲ್ಲಿ ಹುಲ್ಲು ಮೆತ್ತಿಕೊಂಡಿದ್ದ ಒಂದು ಕುಳ್ಳ ಜಾಡಿಯ ಮೇಲೆ. ಹೆಗಲು ಅಗಲ, ಕತ್ತು ಸಣ್ಣ, ಮುಚ್ಚಳವಿಲ್ಲ. ಮುಚ್ಚಳ ಒಡೆದುಹೋಗಿದ್ದರಿಂದಲೇ ಬದಿಗೆ ಸರಿಸಿದ್ದರು. ಕಂದು ಹೊಳಪು ಒಂದು ಕಡೆ ಕೆನೆಯ ಮೇಲೆ ಬೆಲ್ಲದ ಪಾಕದಂತೆ ಇಳಿದು ಅಲ್ಲೇ ಹೆಪ್ಪುಗಟ್ಟಿತ್ತು. ಈ ಸಲ ನಾನು ಹೇಳುವ ಮೊದಲೇ ಮಗುಚಿದಳು. ತಳ ಬೂದುಬಣ್ಣ. ಬೆರಳನ್ನು ನಾಲಿಗೆಗೆ ತಾಗಿಸಿ ಒತ್ತಿದಳು, ಒದ್ದೆ ಇಂಗಲಿಲ್ಲ. ಎಡಗೈಯ ಅಂಗೈ ಮೇಲೆ ಕೂರಿಸಿಕೊಂಡು ಬೆರಳ ಗೆಣ್ಣಿನಿಂದ ತಟ್ಟಿದಳು. ಒಡಕು ಪಾತ್ರೆ ಬೊದ್ದು ಸದ್ದು ಮಾಡುತ್ತದೆ, ಇದು ಟಣ್ ಅಂತ ಉತ್ತರ ಕೊಟ್ಟಿತು. 350 ಹೇಳಿದವನು 280ಕ್ಕೆ ಇಳಿದ. ಗುಲಾಬಿ ಹೂದಾನಿಯ ಅರ್ಧ ಬೆಲೆಯೂ ಅಲ್ಲ.

ಹುಲ್ಲು ತುರುಕಿ, ಹಳೇ ಪೇಪರ್ ಸುತ್ತಿ ಕೊಟ್ಟ. ರಾತ್ರಿ ನೀರು ತುಂಬಿಸಿ ಒಣ ಪೇಪರ್ ಮೇಲೆ ಇಟ್ಟು ಮಲಗು, ಮೇಜಿನ ಮೇಲೆ ನೇರ ಇಡಬೇಡ ಅಂತ ಹೇಳಿ ಕಳಿಸಿದ್ದೆ. ಬೆಳಿಗ್ಗೆ ಆರೂವರೆಗೆ ಫೋನ್ ಬಂತು. “ಪೇಪರ್ ಗರಿಗರಿಯಾಗಿದೆ ಅತ್ತೆ. ಸುಗಂಧರಾಜ ಇಡಲಾ, ಸೇವಂತಿಗೆನಾ?” ಕತ್ತು ಸಣ್ಣದಲ್ಲವಾ, ಉದ್ದ ಕಡ್ಡಿಯ ಸುಗಂಧರಾಜ ಮೂರೇ ಸಾಕು ಅಂದೆ.