ಟೋಪೋಶೀಟ್ ಹರಡಿಕೊಂಡು

ಹಂಪಿ, ಆನೆಗೊಂದಿ ಕಡೆ ಎರಡು ದಿನ ಸೈಕಲ್ ತುಳಿದು, ನಡುನಡುವೆ ಗುಡ್ಡ ಹತ್ತಿ ಬರುವ ಆಸೆಯಿದ್ದರೆ ಮೊದಲು ಸರ್ವೆ ಆಫ್ ಇಂಡಿಯಾದ ಟೋಪೋಶೀಟನ್ನು ನೆಲದ ಮೇಲೆ ಹರಡಿಕೊಳ್ಳಿ. 1767ರಲ್ಲಿ ಶುರುವಾದ ಆ ಇಲಾಖೆ ನಮಗೆ ಕೊಟ್ಟಿರುವ ಅಪ್ಪಟ ಆಸ್ತಿ ಇದು.

1:50,000 ಅಳತೆಯ ಹಾಳೆಯಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಒಂದು ಹೊಲಿಗೆ ದಾರ ತೆಗೆದುಕೊಂಡು ರಸ್ತೆಯ ತಿರುವುಗಳ ಗುಂಟ ಕೂರಿಸುತ್ತಾ ಹೋಗಿ, ಆಮೇಲೆ ದಾರವನ್ನು ಸ್ಕೇಲಿಗೆ ಹಿಡಿದರೆ ದೂರ ಸಿಕ್ಕಿತು. ಕಂದು ಬಣ್ಣದ ಸಮೋನ್ನತಿ ರೇಖೆಗಳನ್ನು ಓದುವುದೇ ನಿಜವಾದ ಸುಖ. ಒಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಏರು. ಮಾತಂಗ ಬೆಟ್ಟದ ಹತ್ತಿರ ಅವು ಒತ್ತೊತ್ತಾಗಿ ಕೂತಿದ್ದರೆ ಅಲ್ಲಿ ಸೈಕಲ್ ಕೆಳಗೆ ಬಿಟ್ಟು ನಡೆಯಲೇಬೇಕು. ಗೆರೆಗಳೇ ಇಲ್ಲದ ಕಡೆ ಭತ್ತದ ಗದ್ದೆ, ವಿಜಯನಗರದ ಕಾಲದಿಂದ ನೀರುಣಿಸುತ್ತಿರುವ ಕಾಲುವೆ. ಅಲ್ಲಿ ಸಲೀಸಾಗಿ ತುಳಿಯಬಹುದು. ನೀರು ನಿಂತದ್ದು ನೀಲಿ, ಒಣ ಹಳ್ಳ ಕಪ್ಪು. ಬೇಸಿಗೆಯಲ್ಲಿ ಬಾಟಲಿ ಎಲ್ಲಿ ತುಂಬಿಸಿಕೊಳ್ಳಬೇಕೆಂದು ಯೋಚಿಸುವವರಿಗೆ ಈ ಬಣ್ಣಗಳೇ ಬಲ.

ಮೊಬೈಲ್ ನಕ್ಷೆ ದಾರಿ ತೋರಿಸುತ್ತದೆ, ಸರಿ. ಕಣಿವೆಯ ಮೈಕಟ್ಟನ್ನು ಒಂದೇ ನೋಟಕ್ಕೆ ಇಡಿಯಾಗಿ ಕಾಣಿಸುವುದು ಈ ಹಾಳೆಯೇ.

ಹೊಳೆ ದಾಟುವುದನ್ನು ಮಾತ್ರ ಸ್ಥಳದಲ್ಲೇ ವಿಚಾರಿಸಿಕೊಳ್ಳಿ. ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ದೋಣಿ, ಹರಿಗೋಲು ನಿಲ್ಲುತ್ತವೆ. ಆಗ ಬುಕ್ಕಸಾಗರ–ಕಡೇಬಾಗಿಲು ಸೇತುವೆಯ ಸುತ್ತುದಾರಿಯೇ ಗತಿ. ದಾರ ಹಿಡಿದು ಅದನ್ನೂ ಮೊದಲೇ ಅಳೆದಿಟ್ಟುಕೊಳ್ಳಿ.