ಖಾಲಿ ಆಸನದ ಲೆಕ್ಕ

ಉದ್ಯಮಿಗಳು ಬರೆದ ಆತ್ಮಚರಿತ್ರೆಯನ್ನು ನಮ್ಮ ವಿಮರ್ಶಕರು ಸಾಹಿತ್ಯದ ಪಂಕ್ತಿಯಲ್ಲಿ ಕೂಡಿಸುವುದು ಅಪರೂಪ. ಕ್ಯಾಪ್ಟನ್ ಜಿ. ಆರ್. ಗೋಪಿನಾಥರು ಇಂಗ್ಲಿಷಿನಲ್ಲಿ ಬರೆದ 'ಸಿಂಪ್ಲಿ ಫ್ಲೈ' ಗ್ರಂಥಕ್ಕೆ ಈ ಅನಾದರ ಸಲ್ಲದು. ಲೇಖಕರು ಗೊರೂರಿನವರು. ಗೊರೂರೆಂದೊಡನೆ ರಾಮಸ್ವಾಮಿ ಅಯ್ಯಂಗಾರರು ನೆನಪಾಗದ ಕನ್ನಡಿಗನುಂಟೇ? ಅದೇ ಹೇಮಾವತಿ ದಂಡೆಯ ಗಾಳಿ ಈ ಪುಸ್ತಕದ ಮೊದಲ ಭಾಗದಲ್ಲಿಯೂ ಬೀಸುತ್ತದೆ.

ಮನೆತನದ ಹೊಲ ಅಣೆಕಟ್ಟಿನ ನೀರಿಗೆ ಹೋಯಿತು. ಬದಲಿಗೆ ಜಾವಗಲ್ಲಿನ ಕಡೆ ದೊರೆತ ಬರಡು ನೆಲದಲ್ಲಿ, ಸೈನ್ಯ ಬಿಟ್ಟು ಬಂದ ತರುಣನೊಬ್ಬ ಡೇರೆ ಹಾಕಿಕೊಂಡು ಬೇಸಾಯಕ್ಕೆ ತೊಡಗುತ್ತಾನೆ. ಸೂಪಾ ಮುಳುಗಿದ ಮೇಲೆ ರಾಮನಗರಕ್ಕೆ ಬಂದು ನೆಲೆಸಿದ ನಮ್ಮ ಜೋಯಿಡಾ ಸೀಮೆಯ ಜನ ಈ ಪುಟಗಳನ್ನು ಓದುವ ಬಗೆಯೇ ಬೇರೆ. ರೇಷ್ಮೆ, ತೆಂಗು, ಸಾಲ, ನಷ್ಟ, ಎಲ್ಲವೂ ಇಲ್ಲಿ ಕಣ್ಣಿಗೆ ಕಟ್ಟುತ್ತವೆ. ಗ್ರಂಥದ ಶ್ರೇಷ್ಠ ಭಾಗವಿದೆಂದೇ ನನ್ನ ಎಣಿಕೆ.

ವಿಮಾನದ ಕಥೆಗೆ ಬಂದಾಗ ಈ ನಿಖರತೆ ಸಡಿಲುತ್ತದೆ. 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಹುಟ್ಟಿತು. ನಲವತ್ತೆಂಟು ಆಸನಗಳ ಎಟಿಆರ್ ವಿಮಾನಗಳು ಹುಬ್ಬಳ್ಳಿಯಂಥ ಊರಿಗೂ ಬಂದವು. ಪುಕ್ಕಟೆ ಊಟವಿಲ್ಲ, ಟಿಕೆಟ್ಟಿಗೆ ದಲ್ಲಾಳಿ ಬೇಕಿಲ್ಲ, ಒಂದು ರೂಪಾಯಿಗೂ ಕೆಲವು ಟಿಕೆಟ್ಟುಗಳು. ಇದರ ಮರ್ಮವನ್ನು ಹಳಿಯಾಳದ ಸಂತೆಯಲ್ಲಿ ಸೊಪ್ಪು ಮಾರುವವಳು ಬಲ್ಲಳು: ಸಂಜೆಗೆ ಉಳಿದದ್ದು ನಾಳೆಗೆ ಕೆಲಸಕ್ಕೆ ಬಾರದು. ವಿಮಾನ ಹಾರಿದೊಡನೆ ಖಾಲಿ ಆಸನದ ಗತಿಯೂ ಅದೇ. ಆದರೆ ಅವಳು ಬೆಲೆಯನ್ನು ಸಂಜೆಗೆ ಇಳಿಸುತ್ತಾಳೆ. ವಿಮಾನದವನು ಮುಂಚೆ ಬಂದವನಿಗೆ ಅಗ್ಗವಾಗಿಯೂ ಕೊನೆಗೆ ಓಡಿಬಂದವನಿಗೆ ತುಟ್ಟಿಯಾಗಿಯೂ ಮಾರುತ್ತಾನೆ.

ತೊಡಕಿರುವುದು ಮುಂದೆ. ಆಸನ ತುಂಬಲಿ ಬಿಡಲಿ, ವಿಮಾನದ ಬಾಡಿಗೆ, ಎಣ್ಣೆ, ಚಾಲಕರ ಸಂಬಳ ಹೆಚ್ಚು ಕಡಿಮೆ ಅಷ್ಟೇ. ಆದುದರಿಂದ ಇನ್ನೊಬ್ಬ ಪ್ರಯಾಣಿಕನನ್ನು ಬಿಡಿಗಾಸಿಗೆ ಕೂಡಿಸಿಕೊಂಡರೂ ಲಾಭವೆಂದೇ ತೋರುತ್ತದೆ. ಎಲ್ಲ ಕಂಪನಿಗಳೂ ಹೀಗೆಯೇ ಯೋಚಿಸಿದರೆ ವಿಮಾನದ ಬಾಡಿಗೆ ಯಾರಿಗೂ ಹುಟ್ಟದು. ಬಾಡಿಗೆ ಡಾಲರಿನಲ್ಲಿ, ಗಳಿಕೆ ರೂಪಾಯಿಯಲ್ಲಿ. ಎಣ್ಣೆಯ ಮೇಲೆ ರಾಜ್ಯದ ತೆರಿಗೆ ಬೇರೆ! ಗೋಪಿನಾಥರ ಕನಸಿಗೆ ಎದುರಾದದ್ದು ಈ ಗಣಿತ. ಆದರೆ ಅವರ ಲೇಖನಿ ಗಣಿತಕ್ಕಿಂತ ಧೈರ್ಯವನ್ನು ಹೆಚ್ಚು ನೆಚ್ಚುತ್ತದೆ. 2005ರಲ್ಲಿ ನೂರು ವಿಮಾನಗಳಿಗೆ ಒಮ್ಮೆಲೇ ಬೇಡಿಕೆಯಿತ್ತು, 2006ರಲ್ಲಿ ಹಾರಾಟ ಆರಂಭಿಸಿದ ಇಂಡಿಗೋ ಮೊದಲ ಹನ್ನೊಂದು ವರ್ಷ ಒಂದೇ ಜಾತಿಯ ವಿಮಾನಗಳನ್ನು ನಡೆಸಿತು. ಬಿಡಿಭಾಗ, ತರಬೇತಿ ಎಲ್ಲದರಲ್ಲಿಯೂ ಉಳಿತಾಯ. ಡೆಕ್ಕನ್ನಿಗೆ ಎರಡು ಜಾತಿಯ ವಿಮಾನಗಳಿದ್ದವು. 2007ರಲ್ಲಿ ಅದರ ಪಾಲು ಮದ್ಯದ ದೊರೆಯೊಬ್ಬರ ಕೈಸೇರಿತು, 2008ರಲ್ಲಿ ಹೆಸರೂ ಅಳಿಯಿತು. ಕೊಂಡ ಕಿಂಗ್‌ಫಿಷರ್ 2012ರಲ್ಲಿ ನೆಲಕಚ್ಚಿತು.

ಈ ಗ್ರಂಥವನ್ನು ಆಧರಿಸಿದ ತಮಿಳು ಚಿತ್ರ 'ಸೂರರೈ ಪೋಟ್ರು' (2020) ಗಣಿತಕ್ಕೆ ಬದಲು ಒಬ್ಬ ಖಳನಾಯಕನನ್ನು ತಂದಿತು. ನನ್ನ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಚಿತ್ರವನ್ನು ನೋಡಿದ್ದಾರೆ, ಪುಸ್ತಕವನ್ನು ಓದಿದವರಿಲ್ಲ. ಖಳನು ಸೋತರೆ ಟಿಕೆಟ್ಟು ಅಗ್ಗವಾದೀತೆಂಬ ಭ್ರಮೆ ಅವರಲ್ಲಿದೆ. ನಾಯಕನ ಗೆಲುವಿಗೆ ಚಿತ್ರ ಮುಗಿಯುತ್ತದೆ. ನಮ್ಮ ಪ್ರಶ್ನೆ ಅಲ್ಲಿಂದ ಶುರು.

ಈ ಪ್ರಶ್ನೆ ದಾಂಡೇಲಿಗೆ ದೂರದ್ದಲ್ಲ. ನಮ್ಮ ಕಾಡಿಗೆ ಬರುವ ಪ್ರವಾಸಿಗರಿಗೂ ಮುಂಡಗೋಡಿನ ಟಿಬೆಟಿಯನ್ ಭಿಕ್ಷುಗಳಿಗೂ ಹುಬ್ಬಳ್ಳಿಯೇ ಹತ್ತಿರದ ವಿಮಾನದ ಬಾಗಿಲು. 'ಉಡಾನ್' ಯೋಜನೆಯಲ್ಲಿ ಅರ್ಧದಷ್ಟು ಆಸನಗಳಿಗೆ ದರದ ಮಿತಿಯಿಟ್ಟು, ಅದರ ಕೊರತೆಯನ್ನು ಮೂರು ವರ್ಷ ಸರ್ಕಾರ ತುಂಬುತ್ತದೆ. ಗಡುವು ತೀರಿದ ಮೇಲೆ ಹುಬ್ಬಳ್ಳಿಯಂಥ ಊರಿನಲ್ಲಿ ಐವತ್ತು ಆಸನಗಳನ್ನು ನಿತ್ಯ ತುಂಬುವವರು ಯಾರು? ಗೋಪಿನಾಥರೇ ಅದೇ ಯೋಜನೆಯಡಿ 2017ರಲ್ಲಿ ಏರ್ ಡೆಕ್ಕನ್ನನ್ನು ಮತ್ತೆ ಹಾರಿಸಿದರು; 2020ರ ಏಪ್ರಿಲಿನಲ್ಲಿ ಅದೂ ನಿಂತಿತು. ಪುಸ್ತಕ ಬಂದ ನಂತರದ ಸಂಗತಿಯಾದುದರಿಂದ ಈ ಅಧ್ಯಾಯ ಅದರಲ್ಲಿಲ್ಲ. ಅದನ್ನೂ ಅವರೇ ಬರೆಯಬೇಕು, ಜಾವಗಲ್ಲಿನ ಹೊಲದ ನಷ್ಟವನ್ನು ಬರೆದ ಕೈಯಿಂದ.