ಆಂಟಾಪ್ ಹಿಲ್‌ನ ಕೆಂಪು ಚಟ್ನಿ

ಮುಂಬೈಯ ಆಂಟಾಪ್ ಹಿಲ್‌ನ ಚೈನೀಸ್ ಗಾಡಿಗಳಲ್ಲಿ ಶೆಜ್ವಾನ್ ಚಟ್ನಿ ಇಲ್ಲದೆ ಏನೂ ಸಾಗುವುದಿಲ್ಲ. ಫ್ರೈಡ್ ರೈಸ್‌ಗೆ ಅದೇ, ಚೈನೀಸ್ ಭೇಲ್‌ಗೆ ಅದೇ. ದೋಸೆಯ ಗಾಡಿಯವರೂ ಈಗ ಅದನ್ನೇ ಬಳಿಯುತ್ತಾರೆ, ಉಡುಪಿಯ ಹಿರಿಯರು ಏನೇ ಅನ್ನಲಿ. ನನ್ನ ತಕರಾರು ಖಾರದ ಮೇಲಲ್ಲ, ಅವಸರದ ಮೇಲೆ.

ಈ ಚಟ್ನಿಯ ಜೀವ ಎಣ್ಣೆಯಲ್ಲಿದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ನೀರಿಗೆ ಜಗ್ಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಕೆಂಪು ಬಣ್ಣವೂ ಹಾಗೆಯೇ. ನೆನೆಸಿ ಅರೆದ ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಶುಂಠಿಯ ಜೊತೆ ಸಣ್ಣ ಉರಿಯಲ್ಲಿ ಎಣ್ಣೆ ಬಿಡುವ ತನಕ ಬಾಡಿಸಿದರೆ ಬೆಳ್ಳುಳ್ಳಿಯ ಹಸಿ ಘಾಟು ಹೋಗಿ ಒಂದು ನಸುಸಿಹಿ ಬರುತ್ತದೆ, ಖಾರ ಅಗುಳಗುಳಿಗೂ ಹತ್ತುತ್ತದೆ. ಅಷ್ಟು ತಾಳ್ಮೆ ಇಲ್ಲದ ಕಡೆ ಕಾರ್ನ್‌ಫ್ಲೋರ್ ಬರುತ್ತದೆ. ಚಟ್ನಿಯನ್ನು ಚಮಚದಲ್ಲಿ ಎತ್ತಿ ನೋಡಿ: ಅಂಚಿನಲ್ಲಿ ಕೆಂಪೆಣ್ಣೆ ಜಿನುಗದೆ ಲೋಳೆಯಾಗಿ ಜಾರಿದರೆ ಅದು ಹಿಟ್ಟಿನ ಕರಾಮತ್ತು.

ಸಕ್ಕರೆ ಖಾರದ ಮೊನೆ ಮುರಿಯುತ್ತದೆ. ಒಂದು ಚಿಟಿಕೆ ಸಾಕು. ವಿನೆಗರ್ ಹುಳಿಯ ಜೊತೆಗೆ ಬಾಳಿಕೆಯನ್ನೂ ಕೊಡುತ್ತದೆ. ಬಾಟಲಿ ಸಾಸ್‌ಗಳಿಗೆ ಬೆರೆಸುವ ಸೋಡಿಯಂ ಬೆಂಜೊಯೇಟ್ ಕೂಡ ಹುಳಿ ಇದ್ದರಷ್ಟೇ ಸರಿಯಾಗಿ ಕೆಲಸ ಮಾಡುವುದು. ಆದರೆ ಒಲೆ ಆರಿಸಿದ ಮೇಲೆ ಸುರಿದ ವಿನೆಗರ್ ನಾಲಿಗೆಗೆ ಮೊದಲು ಮೂಗಿಗೆ ಹೊಡೆಯುತ್ತದೆ. ಹೆಚ್ಚಿನ ಗಾಡಿಗಳು ಎಡವುವುದು ಇಲ್ಲೇ.

ಬಣ್ಣದ ವಿಷಯದಲ್ಲಿ ಮಾತ್ರ ನಾನು ರಿಯಾಯಿತಿ ಕೊಡಲಾರೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ಹೋದ ಮಾದರಿಗಳಲ್ಲಿ ಅಸುರಕ್ಷಿತ ಕೃತಕ ಬಣ್ಣಗಳು ಸಿಕ್ಕಿದ್ದವು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇರುವಾಗ ಇದೆಲ್ಲ ಯಾಕೆ? 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿಯಲ್ಲಿ ಬಣ್ಣ ಢಾಳು, ಖಾರ ಕಮ್ಮಿ. ಅಡುಗೆ ಬಲ್ಲವರು ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಬೆರೆಸುತ್ತಾರೆ. ಖಾರ ತಗ್ಗಿಸಲು ಬೀಜ ಕೊಡವಿದರೆ ಸಾಲದು, ಬೀಜ ಕಚ್ಚಿಕೊಂಡ ಬಿಳಿ ತಿರುಳನ್ನೂ ಕೀಳಬೇಕು. ಖಾರದ ಮನೆ ಅದೇ.

ಶೆಜ್ವಾನ್ ಎಂಬ ಹೆಸರಿಗೆ ಮೂಲವಾದ ಸಿಚುವಾನ್ ಅಡುಗೆಯಲ್ಲಿ ನಾಲಿಗೆ ಜುಮ್ಮೆನಿಸುವ ಹುವಾಜಿಯಾವ್ ಎಂಬ ಮಸಾಲೆ ಮುಂಬೈ ಚಟ್ನಿಗೆ ಬಂದೇ ಇಲ್ಲ. ವಿಚಿತ್ರವೆಂದರೆ ಅದರದೇ ಕುಲದ ಕಾಯಿ, ನಮ್ಮ ಕರಾವಳಿಯವರು ಬಂಗುಡೆ ಸಾರಿಗೆ ಹಾಕುವ ತಿರ್ಫಲ, ಇದೇ ಊರಿನ ಮಸಾಲೆ ಅಂಗಡಿಗಳಲ್ಲಿ ಸಿಗುತ್ತದೆ. ಒಳಗಿನ ಕರಿ ಬೀಜ ತೆಗೆದು ಸಿಪ್ಪೆಯನ್ನಷ್ಟೇ ಜಜ್ಜಿ ಬಿಸಿ ಎಣ್ಣೆಗೆ ಹಾಕಿದರಾಯಿತು. ಯಾವ ಗಾಡಿಯವರೂ ಅದನ್ನು ಮುಟ್ಟಿದ್ದು ನಾನು ಕಂಡಿಲ್ಲ.